ಹಳೆಯ ಜಿಪ್ಸಿಯ ತುಕ್ಕು ಹಿಡಿದ ಹಿಂಬದಿ ಶಾಕ್ ಅಬ್ಸಾರ್ಬರ್‌ಗಳು: ಬೋಲ್ಟ್ ಮುರಿಯದಂತೆ ಬಿಚ್ಚುವುದು ಹೇಗೆ?

ಶಿರಾಗೇಟ್ ನಿವಾಸಿ, ತುಮಕೂರು

ನಮ್ಮಲ್ಲಿ 1998ರ ಮಾದರಿಯ ಮಾರುತಿ ಜಿಪ್ಸಿ ಕಿಂಗ್ ಇದೆ. 1.3 ಲೀಟರ್‌ನ ಕಾರ್ಬ್ಯುರೇಟರ್ ಎಂಜಿನ್, ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಇರುವ ಗಾಡಿ. ತುಮಕೂರಿಗೆ ಬರುವ ಮೊದಲು ಅದು ಬಹುಕಾಲ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಓಡಾಡಿದ್ದರಿಂದ, ಮೇಲೆ ಬಣ್ಣ ಹೊಳೆಯುತ್ತಿದ್ದರೂ ಅಡಿಭಾಗದಲ್ಲಿ ಉಪ್ಪುಗಾಳಿಯ ಗುರುತು ಎಲ್ಲೆಡೆ ಉಳಿದಿದೆ. ಹಿಂಬದಿಯ ಎರಡು ಶಾಕ್ ಅಬ್ಸಾರ್ಬರ್‌ಗಳ ಸ್ಥಿತಿಯಂತೂ ತೀರಾ ಕೆಟ್ಟಿದೆ. ಹೊರಗಿನ ಕೊಳವೆಯ ಮೇಲೆ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ, ಎಡಗಡೆಯದರ ಧೂಳುಕವಚ ಅರ್ಧ ಕಳಚಿಹೋಗಿದೆ, ಕೆಳಗಡೆ ನಟ್ಟು ಯಾವುದು, ವಾಷರ್ ಯಾವುದು ಎಂದು ಬೇರ್ಪಡಿಸಿ ಹೇಳುವುದೇ ಕಷ್ಟವಾಗಿದೆ.

ಡಾಂಬರು ರಸ್ತೆಯಲ್ಲಿ ಹೆಚ್ಚೇನೂ ತೊಂದರೆ ಕಾಣುವುದಿಲ್ಲ. ಆದರೆ ಮಧುಗಿರಿ ಕಡೆಯ ಮಣ್ಣುದಾರಿಗಳಲ್ಲಿ, ಟ್ರ್ಯಾಕ್ಟರ್‌ಗಳು ಓಡಾಡಿ ನೆಲ ಅಲೆ ಅಲೆಯಾಗಿ ಗಟ್ಟಿಯಾಗಿರುವ ಕಡೆ, ಗಾಡಿಯ ಹಿಂಭಾಗ ನೆಲದ ಹಿಡಿತ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ನಿಂತ ಗಾಡಿಯ ಹಿಂಬದಿಯನ್ನು ಕೈಯಿಂದ ಒತ್ತಿ ಬಿಟ್ಟರೆ ಮಾತ್ರ ಅದು ಕುಣಿಯದೆ ತಕ್ಷಣ ನಿಲ್ಲುತ್ತದೆ. ಹಾಗಾದರೆ ಶಾಕ್ ಅಬ್ಸಾರ್ಬರ್ ಸರಿಯಿದೆ ಎಂದು ತಿಳಿಯಬೇಕೇ, ತುಕ್ಕು ಕೇವಲ ಹೊರಗಿನದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಬಿಚ್ಚುವ ವಿಧಾನದ ಬಗ್ಗೆ. ಇಲ್ಲಿನ ಒಂದು ಗ್ಯಾರೇಜ್‌ನವರು ಪರಿಶೀಲನೆಗೂ ಮೊದಲೇ ಗ್ಯಾಸ್ ಕಟಿಂಗ್‌ನಿಂದ ಬೋಲ್ಟ್‌ಗಳನ್ನು ಕತ್ತರಿಸಿಬಿಡೋಣ ಎಂದರು. ಪೆಟ್ರೋಲ್ ಟ್ಯಾಂಕ್ ಗಾಡಿಯ ಹಿಂಭಾಗದಲ್ಲೇ ಇರುವುದರಿಂದ ನನಗೆ ಧೈರ್ಯವಾಗಲಿಲ್ಲ. ಹಳೆಯವನ್ನೇ ಬಿಚ್ಚಿ ಆಯಿಲ್ ತುಂಬಿಸಿ ರೀಕಂಡಿಷನ್ ಮಾಡಿಸಬಹುದೆಂದು ಇನ್ನೊಬ್ಬರು ಹೇಳುತ್ತಾರೆ. ನೋಂದಣಿ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಾಗಿದ್ದು, ಅಷ್ಟರೊಳಗೆ ಈ ಕೆಲಸ ಮುಗಿಸುವ ಉದ್ದೇಶವಿದೆ. ಹಿಂದಿನ ಮಾಲೀಕರು ಹಿಂಬದಿಯ ಸ್ಪ್ರಿಂಗ್‌ಗೆ ಒಂದು ಹೆಚ್ಚುವರಿ ಪಟ್ಟಿ ಹಾಕಿಸಿದ್ದಾರೆಂಬುದನ್ನೂ ಇಲ್ಲಿ ಹೇಳಬೇಕು. ಅನುಭವವಿರುವವರು ದಯವಿಟ್ಟು ತಿಳಿಸಿ.

ಅಂತರಗಂಗೆ ತಪ್ಪಲು, ಕೋಲಾರ

ಕೈಯಿಂದ ಒತ್ತಿ ನೋಡುವ ಪರೀಕ್ಷೆ ಕಾಯಿಲ್ ಸ್ಪ್ರಿಂಗ್ ಇರುವ ಕಾರುಗಳಿಗೆ ತಕ್ಕಮಟ್ಟಿಗೆ ಹೊಂದುತ್ತದೆ. ಲೀಫ್ ಸ್ಪ್ರಿಂಗ್ ಗಾಡಿಗಳಲ್ಲಿ ಅದನ್ನು ನಂಬಲಾಗದು. ಪಟ್ಟಿಗಳು ಒಂದರ ಮೇಲೊಂದು ಉಜ್ಜುವಾಗ ಹುಟ್ಟುವ ಘರ್ಷಣೆಯೇ ಗಾಡಿಯ ಕುಣಿತವನ್ನು ತಡೆಯುತ್ತದೆ. ನಿಮ್ಮ ಗಾಡಿಯಂತೆ ಪಟ್ಟಿಗಳ ನಡುವೆ ತುಕ್ಕು ಸೇರಿಕೊಂಡಿದ್ದು, ಮೇಲಾಗಿ ಒಂದು ಪಟ್ಟಿ ಹೆಚ್ಚಾಗಿಯೂ ಇದ್ದರೆ, ಶಾಕ್ ಅಬ್ಸಾರ್ಬರ್ ಪೂರ್ತಿ ಸತ್ತಿದ್ದರೂ ಹಿಂಭಾಗ ಒಂದೇ ಸಲಕ್ಕೆ ನಿಲ್ಲುತ್ತದೆ. ಅಲೆಗಳಂಥ ನೆಲದ ಮೇಲೆ ಆಕ್ಸಲ್ ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಆಡುವಾಗ ಆ ಘರ್ಷಣೆ ಸಾಲುವುದಿಲ್ಲ. ಜಿಪ್ಸಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2,375 ಮಿ.ಮೀ. ಮಾತ್ರ, ಹಿಂಭಾಗದ ಮೇಲೆ ಭಾರವೂ ಕಡಿಮೆ. ಆದ್ದರಿಂದ ಅದು ಪಕ್ಕಕ್ಕೆ ಸರಿಯುವುದು ಶಾಕ್ ಅಬ್ಸಾರ್ಬರ್ ಕೆಲಸ ಬಿಟ್ಟಿರುವುದರ ಲಕ್ಷಣವೆಂದೇ ನನಗೆ ಕಾಣುತ್ತದೆ.

ಖಚಿತಪಡಿಸಿಕೊಳ್ಳಬೇಕಾದರೆ ಒರಟು ದಾರಿಯಲ್ಲಿ ಕೆಲವು ಕಿಲೋಮೀಟರ್ ಓಡಿಸಿದ ಕೂಡಲೇ ಕೊಳವೆಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಿ. ಶಾಕ್ ಅಬ್ಸಾರ್ಬರ್ ಚಲನೆಯ ಶಕ್ತಿಯನ್ನು ಆಯಿಲ್ ಮೂಲಕ ಶಾಖವಾಗಿ ಪರಿವರ್ತಿಸುವ ಸಾಧನ. ಕೆಲಸ ಮಾಡಿದ್ದರೆ ಬಿಸಿಯಾಗಿರಲೇಬೇಕು. ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಸತ್ತಿದೆ ಎಂದರ್ಥ. ಹೊರಕೊಳವೆಯ ಮೇಲಿನ ತುಕ್ಕು ತಾನಾಗಿಯೇ ದೋಷವಲ್ಲ. ಧೂಳುಕವಚ ಕಳಚಿದ ಎಡಗಡೆಯಲ್ಲಿ ಒಳಗಿನ ಪಿಸ್ಟನ್ ರಾಡ್ ಕಾಣಿಸುತ್ತಿರಬೇಕು, ಅದನ್ನು ಬಟ್ಟೆಯಿಂದ ಒರೆಸಿ ನೋಡಿ. ಕ್ರೋಮ್ ಲೇಪನ ಎದ್ದು ಸಣ್ಣ ಗುಳಿಗಳು ಬಿದ್ದಿದ್ದರೆ, ರಾಡ್ ಒಳಗೆ ಹೊರಗೆ ಆಡಿದಷ್ಟೂ ಆ ಗುಳಿಗಳ ಅಂಚು ಆಯಿಲ್ ಸೀಲನ್ನು ಕೊರೆಯುತ್ತದೆ. ಧೂಳು ಅಂಟಿದ ತೆಳುವಾದ ಆಯಿಲ್ ಪಸೆ ಇದ್ದರೆ ಚಿಂತೆಯಿಲ್ಲ. ಕೊಳವೆಯುದ್ದಕ್ಕೂ ಒದ್ದೆಯಾಗಿ ಇಳಿದಿದ್ದರೆ ಆಯುಸ್ಸು ಮುಗಿದಿದೆ. ಒಂದೇ ಕೆಟ್ಟಿದ್ದರೂ ಆ ಆಕ್ಸಲ್‌ನ ಎರಡನ್ನೂ ಒಟ್ಟಿಗೇ ಬದಲಿಸಬೇಕು. ರೀಕಂಡಿಷನ್ ಮಾಡಿಸುವ ಮಾತನ್ನು ಬಿಟ್ಟುಬಿಡಿ. ಮುಚ್ಚಿ ಬೆಸೆದ ಕೊಳವೆಯನ್ನು ಕೊರೆದು, ಸಿಕ್ಕಿದ ಆಯಿಲ್ ತುಂಬಿ, ಮತ್ತೆ ವೆಲ್ಡಿಂಗ್ ಮಾಡಿದರೆ ಗುಳಿಬಿದ್ದ ರಾಡ್ ಆಗಲಿ, ಸವೆದ ವಾಲ್ವ್ ಆಗಲಿ ಸರಿಹೋಗುವುದಿಲ್ಲ.

ಇನ್ನು ಬಿಚ್ಚುವ ವಿಚಾರ. ಈ ಕೆಲಸದಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸುವುದು ಕಷ್ಟವಲ್ಲ, ಅದನ್ನು ಹಿಡಿದಿರುವ ನಾಲ್ಕು ಬೋಲ್ಟ್‌ಗಳೇ ಕಷ್ಟ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಶಾಕ್ ಅಬ್ಸಾರ್ಬರ್ ಗಾಡಿಯ ಭಾರವನ್ನು ಹೊತ್ತಿರುವುದಿಲ್ಲವಾದ್ದರಿಂದ, ಅದನ್ನು ಕಳಚಿದಾಗ ಸ್ಪ್ರಿಂಗ್ ಚಿಮ್ಮುವ ಭಯವಿಲ್ಲ. ಗಾಲಿಗಳು ನೆಲದ ಮೇಲಿರುವಾಗಲೇ ಕೆಲಸ ಮಾಡಬಹುದು. ಜಾಕ್ ಹಾಕಲೇಬೇಕಾದರೆ ಮುಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಮರದ ಅಡ್ಡೆ ಕೊಡಿ, ಹ್ಯಾಂಡ್ ಬ್ರೇಕ್ ಒಂದನ್ನೇ ನಂಬಬೇಡಿ. ಚಾಸಿಯ ಕೆಳಗೆ ಸರಿಯಾದ ಸ್ಟ್ಯಾಂಡ್ ಇಡಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಕೆಳಗೆ ಮಲಗುವವರನ್ನು ನಮ್ಮ ಕಡೆ ಈಗಲೂ ನೋಡುತ್ತೇನೆ. ಆ ಇಟ್ಟಿಗೆ ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ. ಆಕ್ಸಲ್ಲಿಗೂ ಆಧಾರವಿರಲಿ. ಎರಡೂ ಶಾಕ್ ಅಬ್ಸಾರ್ಬರ್ ಇಲ್ಲದಾಗ ಆಕ್ಸಲ್ ಮಾಮೂಲಿಗಿಂತ ಕೆಳಗೆ ಜೋತು ಬಿದ್ದು ಹಿಂಬದಿಯ ಬ್ರೇಕ್ ಹೋಸನ್ನು ಎಳೆಯಬಹುದು. ಅದೇ ಕಾರಣಕ್ಕೆ ಒಂದು ಕಡೆಯದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು ಒಳ್ಳೆಯದು.

ಮೊದಲು ತಂತಿ ಬ್ರಷ್‌ನಿಂದ ನಟ್ಟಿನ ಹೊರಗೆ ಚಾಚಿರುವ ಥ್ರೆಡ್‌ಗಳನ್ನು ಚೆನ್ನಾಗಿ ಉಜ್ಜಿ. ಬಹುಮಂದಿ ಈ ಕೆಲಸವನ್ನು ಬಿಟ್ಟು ನೇರವಾಗಿ ಸ್ಪ್ಯಾನರ್ ಹಾಕುತ್ತಾರೆ. ನಟ್ಟು ಎರಡು ಸುತ್ತು ಬಂದು ಆ ತುಕ್ಕಿನಲ್ಲೇ ಕಚ್ಚಿಕೊಳ್ಳುತ್ತದೆ. ಬಳಿಕ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು, ಸುತ್ತಿಗೆಯಿಂದ ನಟ್ಟಿನ ಪಕ್ಕಗಳಿಗೆ ಸಣ್ಣ ಏಟುಗಳನ್ನು ಕೊಟ್ಟು, ರಾತ್ರಿಯೆಲ್ಲ ಹಾಗೇ ಬಿಡಿ. ಮರುದಿನ ಮತ್ತೆ ಹೊಡೆಯಿರಿ. ಅವಸರವಿಲ್ಲದಿದ್ದರೆ ವಾರವಿಡೀ ಹೀಗೆ ಮಾಡಿದರೂ ನಷ್ಟವಿಲ್ಲ, ಗಾಡಿ ಆ ನಡುವೆ ಓಡಾಡಿಕೊಂಡಿರಲಿ. ಬಿಚ್ಚುವಾಗ ಆರು ಮೂಲೆಯ ಸಾಕೆಟ್ ಮಾತ್ರ ಬಳಸಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ನಟ್ಟಿನ ಮೂಲೆಗಳನ್ನು ಸವರಿಹಾಕುತ್ತದೆ. ಮೊದಲು ಒಂದಿಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿ, ತುಕ್ಕಿನ ಹಿಡಿತ ಬಿಟ್ಟಿತೆಂದು ಕೈಗೆ ತಿಳಿದ ಮೇಲೆ ಸಡಿಲಿಸಿ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಎಂಬಂತೆ ಆಡಿಸುತ್ತ ಬನ್ನಿ.

ಪ್ರತಿಯೊಂದು ಬೋಲ್ಟಿನ ಹಿಂದೆ ಬಿಡಿ ನಟ್ಟು ಇದೆಯೋ, ಬ್ರಾಕೆಟ್‌ಗೇ ಬೆಸೆದ ನಟ್ಟು ಇದೆಯೋ, ಅಥವಾ ಆಕ್ಸಲ್ ಕಡೆಯಿಂದ ಬಂದ ಗೂಟಕ್ಕೆ ನಟ್ಟು ಹಾಕಿದೆಯೋ ಎಂಬುದನ್ನು ಕೈಹಾಕುವ ಮೊದಲೇ ಟಾರ್ಚ್ ಹಿಡಿದು ನೋಡಿಕೊಳ್ಳಬೇಕು. ಬಿಡಿ ನಟ್ಟಿನ ಬೋಲ್ಟ್ ಮುರಿದರೆ ಹೊಸದು ಹಾಕಿದರಾಯಿತು. ಬೆಸೆದ ನಟ್ಟಿನೊಳಗೆ ಮುರಿದರೆ, ಅಥವಾ ಗೂಟವೇ ಬುಡದಲ್ಲಿ ಮುರಿದರೆ, ಒಂದು ಮಧ್ಯಾಹ್ನದ ಕೆಲಸ ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳ ಸುತ್ತಾಟವಾಗಿ ಬದಲಾಗುತ್ತದೆ.

ಕೈವಾರದ ದಾರಿ, ಚಿಂತಾಮಣಿ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಅವರು ಹೇಳದೆ ಬಿಟ್ಟಿರುವ ಎರಡು ಮಾತುಗಳನ್ನು ಮಾತ್ರ ಸೇರಿಸುತ್ತೇನೆ.

ಹೆಚ್ಚುವರಿ ಪಟ್ಟಿ ಹಾಕಿದ ಗಾಡಿಗೆ ಕಂಪನಿಯ ಅಳತೆಯ ಶಾಕ್ ಅಬ್ಸಾರ್ಬರ್ ಹೊಂದುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಅಳೆದು ನೋಡಿ. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರುವಾಗ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನದರ ನಡುವಿಗೆ ಎಷ್ಟು ದೂರವಿದೆ, ಹಾಗೂ ಆಕ್ಸಲ್ಲಿಗೂ ಅದರ ಮೇಲಿನ ರಬ್ಬರ್ ಬಂಪ್ ಸ್ಟಾಪ್‌ಗೂ ನಡುವೆ ಎಷ್ಟು ಜಾಗವಿದೆ ಎಂಬ ಎರಡೇ ಅಳತೆ ಸಾಕು. ಮೊದಲಿನದರಿಂದ ಎರಡನೆಯದನ್ನು ಕಳೆದರೆ ಬರುವ ಉದ್ದಕ್ಕಿಂತ ಶಾಕ್ ಅಬ್ಸಾರ್ಬರ್‌ನ ಪೂರ್ತಿ ಮುಚ್ಚಿದ ಉದ್ದ ಕಡಿಮೆಯಿರಬೇಕು. ಇಲ್ಲವಾದರೆ ದೊಡ್ಡ ಗುಂಡಿಯಲ್ಲಿ ಬಂಪ್ ಸ್ಟಾಪ್‌ಗೆ ಬೀಳಬೇಕಾದ ಏಟು ಶಾಕ್ ಅಬ್ಸಾರ್ಬರ್‌ನ ತಳಕ್ಕೇ ಬಿದ್ದು, ಹೊಸದೂ ಬೇಗನೆ ಹಾಳಾಗುತ್ತದೆ. ಪೂರ್ತಿ ಬಿಚ್ಚಿದ ಉದ್ದ ಸಾಲದಿದ್ದರೆ ಗಾಲಿ ಕೆಳಗಿಳಿಯುವಾಗೆಲ್ಲ ಆಕ್ಸಲ್ ಶಾಕ್ ಅಬ್ಸಾರ್ಬರ್‌ನಿಂದಲೇ ನೇತಾಡಿ ಬೋಲ್ಟ್‌ಗಳನ್ನು ಜಗ್ಗುತ್ತದೆ. ಆ ಪಟ್ಟಿಯನ್ನು ತೆಗೆಸಿಬಿಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಖಾಲಿ ಓಡಾಡುವ ಜಿಪ್ಸಿಗೆ ಅದರಿಂದ ಬೆನ್ನುನೋವಲ್ಲದೆ ಬೇರೆ ಲಾಭ ನಾನು ಕಂಡಿಲ್ಲ.

ಆಯಿಲ್ ಬೇಕೋ ಗ್ಯಾಸ್ ಬೇಕೋ ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಗ್ಯಾಸ್ ಎಂದರೂ ಒಳಗೆ ಕೆಲಸ ಮಾಡುವುದು ಆಯಿಲ್ಲೇ. ಅದರ ಮೇಲೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ, ಅಷ್ಟೇ. ಅಲೆ ಅಲೆಯಾದ ದಾರಿಯಲ್ಲಿ ಒಂದೇ ಸಮನೆ ಆಡಿದಾಗ ಆಯಿಲ್ ನೊರೆಯಾಗಿ ಹಿಡಿತ ಕಳೆದುಕೊಳ್ಳುವುದನ್ನು ಆ ಒತ್ತಡ ತಡೆಯುತ್ತದೆ. ನೀವು ಹೇಳಿದ ಮಧುಗಿರಿ ಕಡೆಯ ದಾರಿಗಳಿಗೆ ಇದು ನಿಜಕ್ಕೂ ಉಪಯೋಗ. ಗ್ಯಾಸ್ ಹಾಕಿದರೆ ಗಾಡಿ ಗಡುಸಾಗುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಗಡುಸುತನ ಮುಖ್ಯವಾಗಿ ಒಳಗಿನ ವಾಲ್ವ್ ಜೋಡಣೆಯಿಂದ ಬರುತ್ತದೆ. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ. ಹೋಗುವಾಗ ಅಳತೆ ಬರೆದ ಚೀಟಿಯಲ್ಲಿ ರಬ್ಬರ್ ಬುಷ್‌ನ, ಅಂದರೆ ಬೋಲ್ಟ್ ತೂರುವ ರಬ್ಬರ್ ಬಳೆಯ, ಒಳವ್ಯಾಸವನ್ನೂ ಬರೆದುಕೊಳ್ಳಿ.

ಬಯಲುಸೀಮೆ ಸವಾರ, ಪಾವಗಡ

ತುಕ್ಕು ಸಡಿಲಿಸುವ ಸ್ಪ್ರೇಗೆ ದುಡ್ಡು ಸುರಿಯುವ ಬದಲು, ವಾಟರ್ ಸರ್ವೀಸ್ ಮಾಡಿಸುವಾಗ ಅಡಿಭಾಗಕ್ಕೆಲ್ಲ ಡೀಸೆಲ್ ಮತ್ತು ಹಳೆಯ ಆಯಿಲ್ ಬೆರೆಸಿ ಹೊಡೆಸಿಬಿಡಿ. ನಮ್ಮಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ನಿಂದ ಹಿಡಿದು ಜೀಪಿನವರೆಗೆ ಎಲ್ಲದಕ್ಕೂ ಇದನ್ನೇ ಮಾಡುತ್ತಾರೆ. ಬೋಲ್ಟ್ ಸಡಿಲವಾಗುತ್ತದೆ, ಮುಂದೆ ತುಕ್ಕೂ ಹಿಡಿಯುವುದಿಲ್ಲ.

ಅಂತರಗಂಗೆ ತಪ್ಪಲು, ಕೋಲಾರ

ಪಾವಗಡದ ಮಿತ್ರರು ಹೇಳಿದ ಪದ್ಧತಿ ನಮ್ಮಲ್ಲೂ ಇದೆ. ಕಬ್ಬಿಣದ ಮಟ್ಟಿಗೆ ಅದು ಕೆಟ್ಟದ್ದಲ್ಲ, ಆದರೆ ರಬ್ಬರಿಗೆ ಡೀಸೆಲ್ ಮತ್ತು ಆಯಿಲ್ ಎರಡೂ ಆಗಿಬರುವುದಿಲ್ಲ. ಶಾಕ್ ಅಬ್ಸಾರ್ಬರ್‌ನ ಬುಷ್‌ಗಳು, ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ನ ಬುಷ್‌ಗಳು ಉಬ್ಬಿ ಮೆತ್ತಗಾಗಿ ಹರಿಯುತ್ತವೆ. ಟ್ರೇಲರ್‌ನಲ್ಲಿ ಅಂಥ ಬುಷ್‌ಗಳಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಹೇಗೂ ಕಿತ್ತು ಎಸೆಯಲಿರುವ ಹಳೆಯ ಬುಷ್‌ಗಳ ಮೇಲೆ ಬಿದ್ದರೆ ಪರವಾಗಿಲ್ಲ, ಹೊಸವು ಬಂದ ಮೇಲೆ ಆ ಮಿಶ್ರಣದಿಂದ ದೂರವಿರಿ. ಬುಷ್ ಒಳಗೆ ಸೇರದಿದ್ದರೆ ಸೋಪಿನ ನೀರು ಅಥವಾ ಸಿಲಿಕೋನ್ ಗ್ರೀಸ್ ಬಳಸಿ.

ಶಿರಾಗೇಟ್ ನಿವಾಸಿ, ತುಮಕೂರು

ಎಲ್ಲರಿಗೂ ಧನ್ಯವಾದಗಳು. ರಾಡ್ ಒರೆಸಿ ನೋಡಿದಾಗ ಗುಳಿಗಳು ಸ್ಪಷ್ಟವಾಗಿ ಕಂಡವು, ಆದ್ದರಿಂದ ಹೊಸ ಜೋಡಿಯನ್ನು ತಂದಿದ್ದೇನೆ. ಅಳತೆಯೂ ಹೊಂದುತ್ತದೆ. ತಂತಿ ಬ್ರಷ್ ಮತ್ತು ಸ್ಪ್ರೇಯ ಉಪಚಾರದಿಂದ ಕೆಳಗಿನ ಎರಡೂ ನಟ್ಟುಗಳು ಮುರಿಯದೆ ಬಂದವು. ಬಲಗಡೆಯ ಮೇಲಿನದೂ ಬಂದಿತು. ಎಡಗಡೆಯ ಮೇಲಿನ ಬೋಲ್ಟ್ ಮಾತ್ರ ವಿಚಿತ್ರವಾಗಿ ವರ್ತಿಸುತ್ತಿದೆ. ನಟ್ಟು ಪೂರ್ತಿ ಕೈಗೆ ಬಂದಿದೆ, ಬೋಲ್ಟ್ ತಲೆಯನ್ನು ತಿರುಗಿಸಿದರೆ ಅದರ ಜೊತೆ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಯೂ ತಿರುಗುತ್ತದೆ, ಆದರೆ ಬೋಲ್ಟ್ ಒಂದು ಕೂದಲಿನಷ್ಟೂ ಹೊರಗೆ ಬರುವುದಿಲ್ಲ. ಈಗಲಾದರೂ ಬಿಸಿ ಮಾಡಬೇಕೇ? ಅಲ್ಲದೆ, ಆ ಬ್ರಾಕೆಟ್‌ನ ಬುಡದಲ್ಲಿ ಚಾಸಿಯ ಬಣ್ಣ ಉಬ್ಬಿಕೊಂಡಿದೆ.

ಅಂತರಗಂಗೆ ತಪ್ಪಲು, ಕೋಲಾರ

ಬಿಸಿ ಮಾಡಬೇಡಿ. ಬೋಲ್ಟ್ ಕಚ್ಚಿಕೊಂಡಿರುವುದು ಬ್ರಾಕೆಟ್‌ನಲ್ಲಿ ಅಲ್ಲ, ಬುಷ್‌ನ ಒಳಕೊಳವೆಯ ಉದ್ದಕ್ಕೂ. ಅಲ್ಲಿಗೆ ಬೆಂಕಿ ಹಿಡಿದರೆ ಮೊದಲು ಹೊತ್ತಿಕೊಳ್ಳುವುದು ರಬ್ಬರ್. ಅದರ ಹೊಗೆ ವಿಷಕಾರಿ, ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕ್ ಮತ್ತು ಅದರ ಪೈಪುಗಳಿವೆ. ಇದಕ್ಕಿಂತ ದೊಡ್ಡ ಅಪಾಯ ಶಾಕ್ ಅಬ್ಸಾರ್ಬರ್‌ನದು: ಮುಚ್ಚಿದ ಕೊಳವೆಯೊಳಗೆ ಆಯಿಲ್ ಇದೆ, ಗ್ಯಾಸ್ ಮಾದರಿಯಾಗಿದ್ದರೆ ಒತ್ತಡವೂ ಇದೆ. ಬಿಸಿಯಾದರೆ ಸಿಡಿಯಬಹುದು. ಬ್ರಾಕೆಟ್‌ಗೆ ಬೆಸೆದ ನಟ್ಟು ಕಚ್ಚಿಕೊಂಡಿದ್ದಾಗ, ಟ್ಯಾಂಕ್ ಇಳಿಸಿ, ಶಾಕ್ ಅಬ್ಸಾರ್ಬರ್ ದೂರ ಸರಿಸಿ ಮಾತ್ರ ಬಿಸಿ ಮಾಡುವುದನ್ನು ಯೋಚಿಸಬಹುದು. ಆಗಲೂ ನಟ್ಟು ಕೆಂಪಗಾಗುವವರೆಗೆ ಕಾಯುವ ಬದಲು, ಸಾಕಷ್ಟು ಬಿಸಿಯಾದ ಮೇಲೆ ಮೇಣದ ಬತ್ತಿಯನ್ನು ತಾಗಿಸಿದರೆ ಮೇಣ ಕರಗಿ ಥ್ರೆಡ್‌ನೊಳಗೆ ಇಳಿಯುತ್ತದೆ. ನಿಮಗೆ ಅದರ ಅಗತ್ಯವಿಲ್ಲ.

ಕೆಳಗಿನ ತುದಿ ಈಗಾಗಲೇ ಬಿಡುಗಡೆಯಾಗಿರುವುದರಿಂದ, ಶಾಕ್ ಅಬ್ಸಾರ್ಬರನ್ನು ಹಿಡಿದು ಪಕ್ಕಕ್ಕೆ ಜಗ್ಗಿದರೆ ಬೋಲ್ಟ್ ತೂರುವ ಅದರ ಕಣ್ಣಿಗೂ ಬ್ರಾಕೆಟ್‌ಗೂ ನಡುವೆ ಸಣ್ಣ ಸಂದು ಕಾಣುತ್ತದೆ. ಸಣ್ಣ ಗ್ರೈಂಡರ್‌ಗೆ 1 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್ ಹಾಕಿ ಆ ಸಂದಿನಲ್ಲಿ ಬೋಲ್ಟನ್ನು ಕತ್ತರಿಸಿ. ಬ್ರಾಕೆಟ್ ಎರಡು ಕಿವಿಯದಾಗಿದ್ದರೆ ಎರಡೂ ಕಡೆ ಕತ್ತರಿಸಬೇಕಾಗುತ್ತದೆ. ಸಂದಿನಲ್ಲಿ ಡಿಸ್ಕ್ ಹೋಗದಿದ್ದರೆ ಹ್ಯಾಕ್ಸಾ ಬ್ಲೇಡನ್ನು ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದು ಕೊಯ್ಯಿರಿ. ನಿಧಾನವಾದರೂ ಆಗುತ್ತದೆ. ಗ್ರೈಂಡರ್‌ನಿಂದಲೂ ಕಿಡಿ ಹಾರುತ್ತದೆ ಎಂಬುದನ್ನು ಮರೆಯಬಾರದು. ಟ್ಯಾಂಕ್ ಕಡೆಗೆ ಒದ್ದೆ ಗೋಣಿಚೀಲ ಕಟ್ಟಿ, ಕಿಡಿಯ ದಿಕ್ಕು ಟ್ಯಾಂಕಿಗೆ ವಿರುದ್ಧವಾಗಿರುವಂತೆ ನಿಲ್ಲಿ, ಹಿಂದಿನ ದಿನಗಳಲ್ಲಿ ಹೊಡೆದ ಸ್ಪ್ರೇಯನ್ನು ಒರೆಸಿ ಒಣಗಿಸಿ. ಕಣ್ಣಿಗೆ ಕನ್ನಡಕ ಹಾಕದೆ ಗಾಡಿಯ ಕೆಳಗೆ ಗ್ರೈಂಡರ್ ಹಿಡಿಯಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಅಥವಾ ಒಂದು ಬಕೆಟ್ ಮರಳು ಹತ್ತಿರದಲ್ಲಿದ್ದು, ಜೊತೆಗೆ ಇನ್ನೊಬ್ಬರು ನಿಂತಿರಲಿ.

ನಿಮ್ಮ ಸಂದೇಶದ ಕೊನೆಯ ವಾಕ್ಯವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತಿದೆ. ಬಣ್ಣ ಉಬ್ಬಿದ ಜಾಗವನ್ನು ಸುತ್ತಿಗೆಯ ತುದಿಯಿಂದ ತಟ್ಟಿ ಕೇಳಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮೊಂಡಾದ ಸದ್ದು ಮಾಡುತ್ತದೆ. ಹಳೆಯ ಸ್ಕ್ರೂಡ್ರೈವರ್‌ನಿಂದ ಬಲವಾಗಿ ಚುಚ್ಚಿದಾಗ ಒಳಗೆ ಇಳಿದರೆ ಶಾಕ್ ಅಬ್ಸಾರ್ಬರ್ ಜೋಡಿಸುವ ಕೆಲಸ ಅಲ್ಲಿಗೇ ನಿಲ್ಲಲಿ. ಚಾಸಿಯ ಪೆಟ್ಟಿಗೆಯಾಕಾರದ ಕಬ್ಬಿಣ ಒಳಗಿನಿಂದ ಹೊರಕ್ಕೆ ಕೊಳೆಯುವುದರಿಂದ, ಹೊರಗೆ ಬಿಲ್ಲೆಯಗಲ ಕಂಡದ್ದು ಒಳಗೆ ಅಂಗೈಯಗಲ ಇರಬಹುದು. ಆ ತೆಳುವಾದ ಕಬ್ಬಿಣದ ಮೇಲೆ ತುಂಡು ತಗಡು ಬೆಸೆದರೆ ವೆಲ್ಡಿಂಗ್ ಹಿಡಿಯುವುದಿಲ್ಲ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು, ಮೂಲದಷ್ಟೇ ದಪ್ಪದ ತಟ್ಟೆ ಹಾಕಿಸಬೇಕು.

ಕೈವಾರದ ದಾರಿ, ಚಿಂತಾಮಣಿ

ವೆಲ್ಡಿಂಗ್ ಮಾಡಿಸುವ ಸಂದರ್ಭ ಬಂದರೆ ಬ್ಯಾಟರಿಯ ಎರಡೂ ವೈರುಗಳನ್ನು ಕಳಚಿಸಿ. 2000ದ ಬಳಿಕ ಬಂದ ಎಂಪಿಎಫ್ಐ (ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಸಿಂಪಡಿಸುವ) ಎಂಜಿನ್ನಿನ ಜಿಪ್ಸಿಗಳಲ್ಲಿ ಎಂಜಿನ್ ಕಂಪ್ಯೂಟರ್ ಇರುವುದರಿಂದ ಇದು ಕಡ್ಡಾಯ, ನಿಮ್ಮ ಕಾರ್ಬ್ಯುರೇಟರ್ ಗಾಡಿಯಲ್ಲಿಯೂ ಆಲ್ಟರ್ನೇಟರ್ ಉಳಿಯುತ್ತದೆ. ಪೆಟ್ರೋಲ್ ಟ್ಯಾಂಕ್ ಇಳಿಸದೆ ಅಲ್ಲಿ ವೆಲ್ಡಿಂಗ್ ಮಾಡಲು ಒಪ್ಪುವವರಿದ್ದರೆ ಅವರ ಕೈಗೆ ಗಾಡಿ ಕೊಡಬೇಡಿ.

ಶಿರಾಗೇಟ್ ನಿವಾಸಿ, ತುಮಕೂರು

ತಟ್ಟಿ ಮತ್ತು ಚುಚ್ಚಿ ನೋಡಿದೆವು. ಪದರು ತುಕ್ಕು ಉದುರಿದ ಮೇಲೆ ಕೆಳಗೆ ಗಟ್ಟಿ ಕಬ್ಬಿಣವೇ ಇದೆ, ಬ್ರಾಕೆಟ್‌ನ ಬೆಸುಗೆಯಲ್ಲಿ ಬಿರುಕಿಲ್ಲ. ಉಜ್ಜಿ ಪ್ರೈಮರ್ ಹೊಡೆದಿದ್ದೇವೆ. ಕಚ್ಚಿದ ಬೋಲ್ಟನ್ನು ಬ್ಲೇಡ್‌ನಿಂದಲೇ ಕೊಯ್ದು ತೆಗೆದೆವು, ಗ್ರೈಂಡರ್ ಬೇಕಾಗಲಿಲ್ಲ. ಹೊಸ ಬೋಲ್ಟ್ ಯಾವುದಿರಬೇಕು, ಹಾಗೂ ಹೊಸ ಶಾಕ್ ಅಬ್ಸಾರ್ಬರ್ ಕೂರಿಸುವಾಗ ವಿಶೇಷವಾಗಿ ಏನನ್ನು ಗಮನಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಅಂತರಗಂಗೆ ತಪ್ಪಲು, ಕೋಲಾರ

ಕಬ್ಬಿಣದಂಗಡಿಯ ಸಾದಾ ಬೋಲ್ಟ್ ಬೇಡ. ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಮೇಲಿನ ಬಲದ ಗುರುತಿರುವ ಎಚ್‌ಟಿ (ಹೈ ಟೆನ್ಸೈಲ್, ಅಂದರೆ ಹೆಚ್ಚು ಗಟ್ಟಿಯಾದ ಉಕ್ಕಿನ) ಬೋಲ್ಟ್ ಕೇಳಿ, ಹಳೆಯದರ ಮೇಲೆ ಇನ್ನೂ ಹೆಚ್ಚಿನ ಗುರುತಿದ್ದರೆ ಅದನ್ನೇ ತನ್ನಿ. ಜಪಾನಿ ವಿನ್ಯಾಸದ ಗಾಡಿಗಳಲ್ಲಿ 10 ಮತ್ತು 12 ಮಿ.ಮೀ. ಬೋಲ್ಟ್‌ಗಳಿಗೆ 1.25 ಮಿ.ಮೀ. ಅಂತರದ ಸಣ್ಣ ಥ್ರೆಡ್ ಸಾಮಾನ್ಯ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಕ್ರಮವಾಗಿ 1.5 ಮತ್ತು 1.75ರ ದಪ್ಪ ಥ್ರೆಡ್. ಹಳೆಯ ನಟ್ಟಿಗೆ ಅದನ್ನು ಬಲವಂತವಾಗಿ ತಿರುಗಿಸಿದರೆ ನಟ್ಟೇ ಹಾಳಾಗುತ್ತದೆ, ಆದ್ದರಿಂದ ಹಳೆಯ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕೈಯಿಂದಲೇ ಹಾಕಿ ನೋಡಿ. ಬೋಲ್ಟಿನ ನಯವಾದ ಭಾಗಕ್ಕೆ, ಅಂದರೆ ಬುಷ್‌ನ ಒಳಕೊಳವೆಗೆ ತಾಗುವ ಕಡೆ, ಲೋಹ ಕಚ್ಚಿಕೊಳ್ಳದಂತೆ ತಡೆಯುವ, ತಾಮ್ರದ ಪುಡಿಯಿರುವ ಆ್ಯಂಟಿಸೀಜ್ ಗ್ರೀಸನ್ನು ತೆಳುವಾಗಿ ಸವರಿ. ಅದು ರಬ್ಬರಿಗೆ ತಾಗದಂತೆ ನೋಡಿಕೊಳ್ಳಿ.

ಹೊಸ ಶಾಕ್ ಅಬ್ಸಾರ್ಬರ್ ಅಂಗಡಿಯಲ್ಲಿ ಮಲಗಿದ್ದ ಸ್ಥಿತಿಯಲ್ಲಿರುವುದರಿಂದ, ಆಯಿಲ್ ಮಾದರಿಯದಾದರೆ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಗಾಡಿಯಲ್ಲಿ ಕೂರುವ ಭಂಗಿಯಲ್ಲೇ ನೆಟ್ಟಗೆ ಹಿಡಿದು, ಪೂರ್ತಿ ಎಳೆದು ಪೂರ್ತಿ ಒತ್ತುವುದನ್ನು ಕೆಲವು ಸಲ ಮಾಡಿ. ನಡುವೆ ಎಲ್ಲೂ ಪೊಳ್ಳು ಸಿಗದೆ ಒಂದೇ ಸಮನಾದ ತಡೆ ಬಂದರೆ ಗಾಳಿ ಹೋಗಿದೆ. ಒತ್ತುವುದಕ್ಕಿಂತ ಎಳೆಯುವುದು ಕಷ್ಟವೆನಿಸಿದರೆ ಗಾಬರಿಯಾಗಬೇಡಿ, ಅದರ ವಿನ್ಯಾಸವೇ ಹಾಗೆ. ಗ್ಯಾಸ್ ಮಾದರಿಯಾದರೆ ಅದನ್ನು ಒತ್ತಿ ಕಟ್ಟಿರುವ ಪಟ್ಟಿ ಕತ್ತರಿಸಿದ ಕೂಡಲೇ ತಾನಾಗಿ ನಿಧಾನಕ್ಕೆ ಉದ್ದವಾಗುತ್ತದೆ. ಮೇಲಿನ ಬೋಲ್ಟ್ ಹಾಕಿದ ಮೇಲೆಯೇ ಪಟ್ಟಿ ಕತ್ತರಿಸಿ, ಇಲ್ಲದಿದ್ದರೆ ಗಾಡಿಯ ಕೆಳಗೆ ಮಲಗಿಕೊಂಡು ಅದನ್ನು ಒತ್ತಿ ಹಿಡಿಯುವ ಶ್ರಮ ನಿಮ್ಮ ಪಾಲಿಗೆ ಬರುತ್ತದೆ. ಹಿಡಿಯುವಾಗ ಹೊಳೆಯುವ ರಾಡಿಗೆ ಪಕ್ಕಡ್ ಹಾಕಲೇಬೇಡಿ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಬಿಗಿಯಷ್ಟೇ ಹಾಕಿ, ಗಾಡಿಯನ್ನು ಗಾಲಿಗಳ ಮೇಲೆ ಇಳಿಸಿ, ಅದು ತನ್ನ ಸಹಜ ಎತ್ತರದಲ್ಲಿ ನಿಂತ ಮೇಲೆ ಸರ್ವೀಸ್ ಪುಸ್ತಕದಲ್ಲಿರುವ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ಬಿಗಿಯಿರಿ. ಆಕ್ಸಲ್ ಜೋತು ಬಿದ್ದಿರುವಾಗ ಬಿಗಿದರೆ, ಕೊಳವೆಗೆ ಅಂಟಿಸಿದ ಮಾದರಿಯ ಬುಷ್ ಗಾಡಿ ಇಳಿಸಿದೊಡನೆ ತಿರುಚಿಕೊಂಡು, ಆ ತಿರುಚಿನಲ್ಲೇ ಓಡಾಡಿ ಬೇಗ ಹರಿಯುತ್ತದೆ. ಬಿಡಿ ರಬ್ಬರ್ ಬುಷ್‌ಗೆ ವಾಷರ್ ಹಾಕುವ ಮಾದರಿಯಾದರೆ ರಬ್ಬರ್ ಸ್ವಲ್ಪ ಉಬ್ಬುವಷ್ಟು ಬಿಗಿ ಸಾಕು, ಅದು ವಾಷರ್‌ನಿಂದಾಚೆ ಹೊರಚಾಚಿದರೆ ಅತಿಯಾಯಿತೆಂದು ತಿಳಿಯಿರಿ. ಒಂದೆರಡು ಸಲ ಮಣ್ಣುದಾರಿಯಲ್ಲಿ ಓಡಿಸಿದ ಮೇಲೆ ನಾಲ್ಕೂ ಕಡೆ ಸ್ಪ್ಯಾನರ್ ಹಾಕಿ ಮತ್ತೊಮ್ಮೆ ನೋಡಿ. ಹಳೆಯ ಜೋಡಿಯನ್ನು ಗುಜರಿಗೆ ಹಾಕುವಾಗ, ಒಳಗೆ ಆಯಿಲ್ ಮತ್ತು ಒತ್ತಡ ಇರಬಹುದೆಂದೂ, ಗ್ಯಾಸ್ ಕಟಿಂಗ್‌ಗೆ ಹಾಕಬಾರದೆಂದೂ ಅವರಿಗೆ ಬಾಯಿಬಿಟ್ಟು ಹೇಳಿ ಕೊಡಿ.